ಹುಲಿಗೆಮ್ಮನ ನಾಲ್ಕು ಸಾಲು

“ಸರ್, ಪದದ ಬಾಲ ಕತ್ತರಿಸಿಬಿಟ್ರಿ ನೋಡ್ರಿ” ಎಂದಳು ಹುಲಿಗೆಮ್ಮ.

ನಾನು ಕತ್ತರಿಸಿದ್ದು ಬರೀ ಒಂದು ಕೋಲನ್ ಚಿಹ್ನೆ.

ಕುರುಗೋಡಿನ ಹುಲಿಗೆಮ್ಮ ಬಳ್ಳಾರಿಯಲ್ಲಿ ಬಿಸಿಎ ಓದುತ್ತಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಪರೀಕ್ಷೆಯಲ್ಲಿ ಅವಳು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಹೋದ ಸಲ ಪ್ರೋಗ್ರಾಮಿಂಗ್ ಪೇಪರು ಫೇಲಾಗಿತ್ತು. ತಲೆಯಲ್ಲಿದ್ದ ಉತ್ತರ ಹಾಳೆಗೆ ಇಳಿಯುವಷ್ಟರಲ್ಲಿ ಚಿಹ್ನೆಗಳು ಉದುರಿಹೋದವು ಎಂಬುದು ಅವಳ ಅನುಮಾನ. ಈ ಸಲವೂ ಹೋದರೆ ವರ್ಷವೆಲ್ಲ ಮನೆಯಲ್ಲಿ. ಬರೆಯಲು ಕಂಪ್ಯೂಟರ್ ಓದದವರೇ ಬೇಕು ಎಂದರು ಕಾಲೇಜಿನವರು. ಒಪ್ಪಿಕೊಂಡೆ. (ನನ್ನ ಅಜ್ಞಾನವೇ ಅರ್ಹತೆಯಾದದ್ದು ಇದೇ ಮೊದಲು.)

ಪರೀಕ್ಷೆಯ ಹಿಂದಿನ ದಿನ ಅವರ ಮನೆಗೆ ಹೋದೆ. ಅವಳ ತಾಯಿ ಮಂಡಕ್ಕಿ ಒಗ್ಗರಣೆ ತಂದಿಟ್ಟರು. ಮಗಳು ತಿನ್ನಲು ಬಿಡಲಿಲ್ಲ.

“ಮೊದಲ ಬರೀರಿ ಸರ್. ಎಣ್ಣಿ ಕೈ ಆದ್ರ ಪೆನ್ನು ಜಾರತೈತಿ.”

ಕೆಲಸ ಒಂದೇ: ಕೊಟ್ಟ ಪದವನ್ನು ಹಿಂದುಮುಂದು ಮಾಡಿ ತೋರಿಸಬೇಕು. ಯಾವ ಕಂಪ್ಯೂಟರ್ ಭಾಷೆಯಲ್ಲಿ ಬರೆದರೂ ಅಂಕ ಸಿಗುತ್ತದೆ.

ಮೊದಲು ಪೈಥಾನ್. ಒಂದೇ ಸಾಲು. ಬ್ರಾಕೆಟ್, ಕೋಲನ್, ಕೋಲನ್, ಮೈನಸ್ ಒಂದು. ಒಂದೇ ಮಾತು ಎರಡು ಸಲ ಬಂದರೆ ಒಂದನ್ನು ಹೊಡೆದುಹಾಕುವುದು ಅಂಕಣಕಾರನ ಕಸುಬು. ಹೊಡೆದೆ. ಓದಿ ಹೇಳಿದಾಗ ಅವಳು ನಕ್ಕಳು. ಎರಡು ಕೋಲನ್ ಇದ್ದರೆ ಪದ ತಿರುಗುತ್ತದಂತೆ. ಒಂದೇ ಇದ್ದರೆ ಕೊನೆಯ ಅಕ್ಷರ ಮಾತ್ರ ಮಾಯ. ಕಂಪ್ಯೂಟರ್ ತಪ್ಪು ಅಂತಲೂ ಹೇಳುವುದಿಲ್ಲವಂತೆ.

ಆಮೇಲೆ ಜಾವಾ. (ನನ್ನ ಡೈರಿಯಲ್ಲಿ ಇದೇ ಕ್ರಮ ಇದೆ. ಆದರೆ ಡೈರಿ ಬರೆದವನೂ ನಾನೇ.) ಅದರ ಪೀಠಿಕೆಯೇ ಒಂದು ಮದುವೆ ಕಾರ್ಡು. ಹಿರಿಯರ ಹೆಸರೆಲ್ಲ ಮುಗಿದ ಮೇಲೆ ಮದುಮಗ. ‘ಸಿ’ ಭಾಷೆಯಲ್ಲಿ ಸಾಲು ಸಾಲಿಗೂ ಸೆಮಿಕೋಲನ್. ಎರಡು ಕಡೆ ಮರೆತೆ.

ಒಳಗಿನಿಂದ ತಾಯಿ ಕೇಳಿದರು: “ಬರಿಯಾಕ ಬಂದವರಿಗೇ ಪರೀಕ್ಷಿ ಇಟ್ಟೀಯಲ್ಲಬೇ?”

“ನಾಳೆ ನನ್ನ ಪರೀಕ್ಷಿ ಇವರ ಕೈಯಾಗ ಐತಿ ಯವ್ವಾ.”

ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: “ಮತ್ತ ಪೈಥಾನೇ ಬರೀರಿ ಸರ್. ಈ ಸಲ ಉದ್ದಕ ಹೇಳತೀನಿ. ರೊಟ್ಟಿ ಬಡದು ಬುಟ್ಟ್ಯಾಗ ಒಂದರ ಮ್ಯಾಲ ಒಂದು ಇಡ್ತಾರಲ್ಲ? ಮೊದಲನೇದು ತಳಕ್ಕ, ಕಡೇದು ಮ್ಯಾಲ. ಮ್ಯಾಲಿಂದ ಎಣಿಸಿದ್ರ ಉಲ್ಟಾ ಆತು.”

ನಾಲ್ಕು ಸಾಲು. ಮೊದಲು ಖಾಲಿ ಬುಟ್ಟಿ. ಪದದಿಂದ ಒಂದೊಂದೇ ಅಕ್ಷರ. ತೆಗೆದದ್ದನ್ನು ಮೊದಲೇ ಇದ್ದವುಗಳ ಮುಂದೆ ಇಡು. ಕೊನೆಗೆ ಬುಟ್ಟಿ ತೋರಿಸು. ಏನು ಬರೆಯುತ್ತಿದ್ದೇನೆಂದು ಈ ಸಲ ನನಗೂ ಗೊತ್ತಿತ್ತು. ತಪ್ಪಲಿಲ್ಲ. ಆಗ ಒಗ್ಗರಣೆಗೆ ಅನುಮತಿ ಸಿಕ್ಕಿತು.

ಮರುದಿನ ಅದೇ ಬಗೆಯ ಪ್ರಶ್ನೆ ಬಂತು. ಅವಳು ಉದ್ದಕ್ಕೇ ಹೇಳಿದಳು. ಹೊರಗೆ ಬಂದಾಗ ಸಿರುಗುಪ್ಪದ ಗೆಳತಿಯೊಬ್ಬಳು ಛೇಡಿಸಿದಳು: “ಒಂದು ಸಾಲಿಂದಕ್ಕ ನಾಕು ಸಾಲು ಬರಸೀಯಂತಲ್ಲಲೇ. ಹಾಳಿ ಪುಕ್ಕಟ ಸಿಕ್ಕಾವೇನ?”

“ನೀ ನಿನ್ನ ಕೈಲೆ ಬರೀತಿ. ನಾ ಸರ್ ಕೈಲೆ ಬರೀಬೇಕಲ್ಲಲೇ.”

ಈ ವಾರ ಫೋನಿಗೆ ಅವಳ ಧ್ವನಿ ಸಂದೇಶ ಬಂತು. “ಪಾಸಾದೆ ಸರ್. ಮುಂದಿನ ಸಲಾನೂ ನೀವೇ ಬರ್ರಿ. ನಿಮ್ಮ ಕೈ ನನಗ ಗೊತ್ತಾಗೈತಿ.”

ಮತ್ತೊಮ್ಮೆ ಹಾಕಿ ಕೇಳಿದೆ. ಅವಳಿಗೆ ಒಂದೇ ಸಾಲು ಸಾಕಿತ್ತು. ನಾನು ಎಡವಬಾರದೆಂದು ಅದನ್ನು ನಾಲ್ಕು ಮಾಡಿದಳು. ನನಗಾಗಿ ಹೀಗೆ ಇನ್ನೂ ಯಾರ್ಯಾರು ಮಾತು ಉದ್ದ ಮಾಡಿದರೋ, ನೆನಪಿಲ್ಲ. ಮಾಡಿರಲೇಬೇಕು. ಇಲ್ಲದಿದ್ದರೆ ಇಷ್ಟಾದರೂ ಎಲ್ಲಿ ತಿಳಿಯುತ್ತಿತ್ತು? ಅವರೆಲ್ಲರ ಪಾಲನ್ನೂ ಸೇರಿಸಿ ಹುಲಿಗೆಮ್ಮನಿಗೇ ಥ್ಯಾಂಕ್ಸ್ ಹೇಳಿದೆ.

ವಾರ ವಾರ ಈ ಅಂಕಣದಲ್ಲಿ ನಿಮಗೆ ಬರೆಯುತ್ತೇನಲ್ಲ, ಒಮ್ಮೆಯಾದರೂ ಹೀಗೆ ನಿಮ್ಮ ಕೈ ನೋಡಿ ಬರೆದಿದ್ದೇನೆಯೇ?