ತಮ್ಮನಿಗೆ ಮಾಡಿದ ಬಾಣಂತನ

ಡಾಕ್ಟರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಅವನು ಏನು ತಿಂದಿದ್ದಾನೆ? ತಮ್ಮನ ಹೆಂಡತಿ ಫೋನು ಕಿವಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಏನೂ ಇಲ್ಲವ್ವ, ಬ್ಯಾಳಿ ಕಟ್ಟ ಅಷ್ಟ" ಎಂದೆ. ಅದು ಸುಳ್ಳು. ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆಗ ಹೇಳಲಿಲ್ಲ, ಆಸ್ಪತ್ರೆಗೆ ಹೋದ ಮೇಲೂ ಹೇಳಲಿಲ್ಲ, ಆಮೇಲೆ ವರ್ಷಗಟ್ಟಲೆ ಹೇಳಲಿಲ್ಲ. ಅದರ ಪೆಟ್ಟು ಬಿದ್ದದ್ದು ತಮ್ಮನ ಹೆಂಡತಿಯ ಮೇಲೆ.

ನಮ್ಮ ತವರು ತೆಲಂಗಾಣದ ಗಡಿಯೂರು ನಾರಾಯಣಖೇಡ. ಅವ್ವ ಸತ್ತಾಗ ತಮ್ಮ ಇನ್ನೂ ಸಣ್ಣವನು. ನಾಲ್ಕನೇ ಇಯತ್ತೆಗೆ ನನ್ನ ಶಾಲೆ ನಿಂತಿತು, ಒಲೆ ನನ್ನ ಕೈಗೆ ಬಂತು. ನಮ್ಮಲ್ಲಿ ತಾಟಿಗೆ ಒಂದೇ ರೊಟ್ಟಿ ಹಾಕುವುದಿಲ್ಲ, ಅದು ಅಪಶಕುನ. ಎರಡು ಹಾಕಬೇಕು, ಉಂಡ ಮೇಲೆ ಇನ್ನೊಂದಕ್ಕೆ ಒತ್ತಾಯ ಮಾಡಬೇಕು. ನಾನು ಹಾಗೇ ಬಡಿಸಿದೆ, ಅವನು ಹಾಗೇ ಉಂಡ. ಮೈ ತುಂಬಿಕೊಂಡ ಹುಡುಗನನ್ನು ನೋಡಿ ಓಣಿಯವರು, "ತಾಯಿ ಇಲ್ಲದ ಕೂಸು ಅನ್ನೋದೇ ಗೊತ್ತಾಗಲ್ಲ ನೋಡು" ಎಂದರೆ ನನಗೆ ಎರಡು ದಿನ ಹಸಿವೇ ಇರುತ್ತಿರಲಿಲ್ಲ. ನನ್ನನ್ನು ತಾಂಡೂರಿಗೆ ಮದುವೆ ಮಾಡಿಕೊಟ್ಟರು. ಅವನು ಹೊಲಿಗೆ ಕಲಿತು ಜಹೀರಾಬಾದಿನಲ್ಲಿ ಅಂಗಡಿ ಹಾಕಿದ.

ಕೂತು ಮಾಡುವ ಕೆಲಸ. ಹೊಟ್ಟೆ ಬೆಳೆಯುತ್ತ ಹೋಗಿ ಹೊಲಿಗೆ ಯಂತ್ರಕ್ಕೆ ತಾಗತೊಡಗಿತು. ಮೊಣಕಾಲು ಹೋಯಿತು, ಸಕ್ಕರೆ ಕಾಯಿಲೆ ಬಂತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಕುರ್ತಾ ಅಳತೆ ಕೊಡಲು ಬಂದ ಗಿರಾಕಿಯೊಬ್ಬ, "ಉಸ್ತಾದ್, ನಿಮ್ಮ ಟೇಪು ನಿಮಗ ಸುತ್ತತದೇನ್ರಿ?" ಎಂದು ನಕ್ಕನಂತೆ. ತಮ್ಮನೂ ನಕ್ಕು, "ಎರಡು ಟೇಪ ಗಂಟು ಹಾಕಬೇಕ್ರಿ" ಎಂದನಂತೆ. ಆ ಮಾತು ನನಗೆ ಹೇಳುವಾಗ ಅವನ ಹೆಂಡತಿ ಮಾತ್ರ ನಗಲಿಲ್ಲ. ಅವಳೇ ಹೈದರಾಬಾದಿನ ಡಾಕ್ಟರ ಹತ್ತಿರ ಅವನನ್ನು ಕರೆದುಕೊಂಡು ಹೋದವಳು.

ಮೈ ಇಳಿಸಲು ಹೊಟ್ಟೆಯ ಚೀಲವನ್ನು ಚಿಕ್ಕದು ಮಾಡಿ, ಅದಕ್ಕೆ ಕೆಳಗಿನ ಕರುಳನ್ನು ಜೋಡಿಸುತ್ತಾರಂತೆ. ಅರ್ಧ ಕೆಲಸ ನಮ್ಮದು, ಉಳಿದರ್ಧ ನಿಮ್ಮ ಅಡುಗೆ ಮನೆಯದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳಿಗೆ ಅದು ಅರ್ಥವಾಗಿತ್ತು. ನನಗೆ ಅವಮಾನವಾಯಿತು. ನಾನು ಉಣಿಸಿ ಬೆಳೆಸಿದ ಹೊಟ್ಟೆಯನ್ನು ಕೊಯ್ಯುವುದೆಂದರೆ ಏನು?

ಆಪರೇಷನ್ನಿಗೆ ಮುಂಚೆ ಕೆಲವು ವಾರ ಬರೀ ನೀರು ನೀರಾದದ್ದೇ ಕೊಡಬೇಕಿತ್ತು. ತಿಳಿ ಮಜ್ಜಿಗೆ, ಬೇಳೆ ಕಟ್ಟು, ಡಾಕ್ಟರು ಕೊಟ್ಟ ಪುಡಿ ಕಲಸಿದ ಹಾಲು. ಕೊಬ್ಬು ತುಂಬಿದ ಲಿವರು ಕುಗ್ಗಿದರೇ ಅವರ ಉಪಕರಣ ಒಳಗೆ ಹೋಗಲು ಜಾಗವಂತೆ. ತಂಬಾಕಿನ ಜರ್ದಾ ಬಿಡಬೇಕು. ಶ್ವಾಸಕೋಶ ಗಟ್ಟಿಯಾಗಲೆಂದು ಕೊಳವೆ ಇದ್ದ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು; ಉಸಿರೆಳೆದು ಅದರೊಳಗಿನ ಚೆಂಡುಗಳನ್ನು ಮೇಲೆ ಏರಿಸಬೇಕು. ಅವನು ಎಲ್ಲವನ್ನೂ ಮಾಡಿದ. ದಿನ ಬಂತು, ನಾನೂ ತಾಂಡೂರಿನಿಂದ ಬಂದೆ, ಬಟ್ಟೆಯ ಗಂಟು ಕಟ್ಟಿದೆವು. ಅಷ್ಟರಲ್ಲಿ ಬಂದ್. ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಬಸ್ಸು ನಿಂತವು, ರೈಲು ತಡೆದರು, ರಸ್ತೆಯಲ್ಲಿ ಟೈರು ಸುಟ್ಟರು. ನಮಗೆ ಕೊಟ್ಟ ದಿನ ಹೋಯಿತು. ಇನ್ನೊಂದು ದಿನ ಸಿಗುವ ತನಕ ಅದೇ ಕಟ್ಟು, ಅದೇ ಮಜ್ಜಿಗೆ. ಆ ದಿನವೂ ಬಂದ್‌ನಿಂದಲೇ ತಪ್ಪಿತು.

ನನಗೆ ತಡೆಯಲಾಗಲಿಲ್ಲ. "ರಾಜ್ಯ ಬೇಕಾದವರಿಗಿ ರಾಜ್ಯ ಸಿಗಲಿ, ನನ್ನ ತಮ್ಮಗ ಒಂದು ರೊಟ್ಟಿ ಸಿಗಲಿ" ಎಂದು ಅಂಗಳದಲ್ಲಿ ನಿಂತು ಕೂಗಿದೆ.

"ಅಕ್ಕೋರ, ಸಣ್ಣಗ ಮಾತಾಡ್ರಿ. ಅವರಿಗಿ ಮೊದಲೇ ಆಸಿ ಆಗ್ತದ" ಎಂದಳು ಅವನ ಹೆಂಡತಿ.

"ಆಸಿ ಅಲ್ಲವಾ ಅದು, ಹಸಿವಿ. ನೀ ಹಸದಿದ್ರ ಗೊತ್ತಾಗ್ತಿತ್ತು."

ತಮ್ಮ ಒಳಗಿನಿಂದ, "ಇಬ್ಬರೂ ಜಗಳ ಆಡ್ರಿ, ಕೇಳಿಯಾದ್ರೂ ಹೊಟ್ಟಿ ತುಂಬತದೇನ ನೋಡ್ತೀನಿ" ಎಂದ.

ಕೊನೆಗೂ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳು, ಅಷ್ಟೇ. ಮಾರನೆಯ ದಿನವೇ ನಡೆಸಿದರು. ಊರಿಗೆ ಬಂದ ಮೇಲೆ ಅವನ ಹೆಂಡತಿ ಮೊದಲು ಗುಟುಕು ಗುಟುಕು ನೀರು, ಆಮೇಲೆ ಗಂಜಿಯಂಥದ್ದು, ಆಮೇಲೆ ಅರೆದ ಬೇಳೆ ಮತ್ತು ಮೊಟ್ಟೆಯ ಬಿಳಿ ಕೊಡತೊಡಗಿದಳು. ಕುಂಕುಮದ ಬಟ್ಟಲಿಗಿಂತ ಸ್ವಲ್ಪ ದೊಡ್ಡ ಬಟ್ಟಲು, ಟೀ ಚಮಚ. ಒಂದು ಚಮಚ ಬಾಯಿಗಿಟ್ಟು ಕೆಳಗಿಡಬೇಕು, ಕಾಯಬೇಕು, ಮತ್ತೆ ಎತ್ತಬೇಕು. ಊಟದ ಜೊತೆ ನೀರಿಲ್ಲ. ಸಿಹಿ ಇಲ್ಲವೇ ಇಲ್ಲ. ಅವಳು ಗೋಡೆಯ ಗಡಿಯಾರ ನೋಡುತ್ತ ಕೂರುತ್ತಿದ್ದಳು. ನಾನು ಅವಳನ್ನು ನೋಡುತ್ತ ಕುದಿಯುತ್ತಿದ್ದೆ.

ನನಗೆ ಗೊತ್ತಿದ್ದದ್ದು ಬಾಣಂತನ ಒಂದೇ. ಹೊಟ್ಟೆ ಕೊಯ್ದು ಕೂಸು ತೆಗೆದ ಹೆಣ್ಣುಮಕ್ಕಳಿಗೆ ನಾನು ಎಣ್ಣೆ ಹಚ್ಚಿ ಎರೆದಿದ್ದೇನೆ, ಹೊಟ್ಟೆಗೆ ಬಟ್ಟೆ ಕಟ್ಟಿದ್ದೇನೆ, ಲೋಬಾನದ ಹೊಗೆ ಹಾಕಿದ್ದೇನೆ, ಅಂಟಿನ ಉಂಡೆ ತಿನ್ನಿಸಿದ್ದೇನೆ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಕಟ್ಟಿದ ಉಂಡೆ. ತಿಂದವರು ಎದ್ದು ನಿಂತಿದ್ದಾರೆ. ಹೊಟ್ಟೆ ಹೊಟ್ಟೆಯೇ, ಗಂಡಸಾದರೇನು ಹೆಂಗಸಾದರೇನು ಎಂದುಕೊಂಡೆ. ನಡುವೆ ತಾಂಡೂರಿಗೆ ಹೋದವಳು ಆಪರೇಷನ್ನಾಗಿ ಮೂರನೇ ವಾರಕ್ಕೆ ಉಂಡೆ ಕಟ್ಟಿಕೊಂಡು ಮರಳಿ ಬಂದೆ.

ಅವನ ಹೆಂಡತಿ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. "ಬ್ಯಾಡ್ರಿ ಅಕ್ಕೋರ. ಬೆಲ್ಲ ಅವರಿಗಿ ಆಗಲ್ಲ. ಡಾಕ್ಟರ್ ಖಡಕ್ಕಾಗಿ ಹೇಳ್ಯಾರ."

"ನಿಮ್ಮ ಡಾಕ್ಟರ್ ಎಂದಾದ್ರೂ ಬಾಣಂತನ ಮಾಡ್ಯಾನೇನ?"

"ಇವರೇನು ಹಡದಾರೇನ್ರಿ?"

ಅದಕ್ಕೆ ತಮ್ಮ ನಕ್ಕುಬಿಟ್ಟ. ನಗುವುದಕ್ಕೂ ಹೊಟ್ಟೆ ಹಿಡಿದುಕೊಂಡ. ನನಗೆ ನಗು ಬರಲಿಲ್ಲ. ಮರುದಿನ ಮತ್ತೆ ಬಂದ್. ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಅಂಗಡಿ ತೆರೆಯುತ್ತಾರೆಂದು ಅವಳು ಮೊಸರು, ಮೊಟ್ಟೆ ತರಲು ಹೋದಳು. ನಾನು ಡಬ್ಬಿ ಇಳಿಸಿದೆ.

"ಅಕ್ಕಾ, ಬ್ಯಾಡ. ಆಕಿಗಿ ಮಾತು ಕೊಟ್ಟೀನಿ."

"ನಾ ಏನು ವಿಷ ಹಾಕ್ತೀನೇನ ನಿನಗ? ಅವ್ವ ಕೊಟ್ಟಿದ್ರ ನೀ ಬ್ಯಾಡ ಅಂತಿದ್ದೇನ?"

ಅವ್ವನ ಹೆಸರು ತೆಗೆದರೆ ಅವನು ಸೋಲುತ್ತಾನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ. ಅವನು ಅರ್ಧ ಉಂಡೆ ತಿಂದ. ಉಳಿದ ಅರ್ಧವನ್ನು ಬಾಯಿಗೆ ನಾನೇ ತುರುಕಿದೆ.

ಬಾಯಿ ಒರೆಸಿಕೊಂಡು ಸ್ವಲ್ಪ ಹೊತ್ತಿಗೆ ಅವನ ಮುಖ ಬೆಳ್ಳಗಾಯಿತು. ಅಂಗಿ ಬೆವರಿನಿಂದ ತೊಯ್ದುಹೋಯಿತು. ಎದೆ ಬಡಿಯುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಹೊಟ್ಟೆ ಮುರಿಯುತ್ತದೆಂದು ಮಗ್ಗುಲಾದ, ಕೈಕಾಲು ನಡುಗಿದವು. ಅವಳು ಬಂದವಳೇ ಚೀಲ ಬಾಗಿಲಲ್ಲೇ ಬಿಟ್ಟು ಡಾಕ್ಟರಿಗೆ ಫೋನು ಮಾಡಿದಳು. ಆಗ ನಾನು ಹೇಳಿದ್ದು ಆ ಸುಳ್ಳು. ಏನೂ ತಿನ್ನದೆ ಹೀಗಾಗಿದೆ ಎಂದರೆ ಒಳಗೆ ಹೊಲಿದ ಜಾಗ ಬಿಚ್ಚಿ ಸೋರುತ್ತಿರಬಹುದು, ಅದು ಜೀವಕ್ಕೇ ಅಪಾಯ, ಈಗಲೇ ಕರೆತನ್ನಿ ಎಂದರು ಡಾಕ್ಟರು. ತಮ್ಮ ಕಣ್ಣು ಮುಚ್ಚಿಕೊಂಡು ಮಲಗಿದ್ದ. ಅವನಾದರೂ ಹೇಳಬಹುದಿತ್ತು. ಅಕ್ಕನ ಮಾನ ಹೋಗುತ್ತದೆಂದು ಸುಮ್ಮನಾದ.

ಓಣಿಯವರೊಬ್ಬರ ಜೀಪಿನಲ್ಲಿ ಹೊರಟೆವು. ಸದಾಶಿವಪೇಟೆಯ ಹತ್ತಿರ ಹೆದ್ದಾರಿಯ ನಡುವೆಯೇ ಒಲೆ ಹೂಡಿ ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸುತ್ತಿದ್ದರು. ರಸ್ತೆಯಲ್ಲೇ ಅಡುಗೆ ಮಾಡಿ ಅಲ್ಲೇ ಉಣ್ಣುವುದು ಆಗಿನ ಹೋರಾಟದ ಒಂದು ರೀತಿ. ಅವನ ಹೆಂಡತಿ ಇಳಿದು ಕೈ ಮುಗಿದು ತೆಲುಗಿನಲ್ಲಿ, "ಆಪರೇಷನ್ ಅಯಿಂದಿ ಅನ್ನಾ, ದಾರಿ ಇವ್ವಂಡಿ" ಎಂದು ದಾರಿ ಬಿಡಲು ಬೇಡಿಕೊಂಡಳು. ಕೊರಳಲ್ಲಿ ಟವೆಲು ಹಾಕಿಕೊಂಡವನೊಬ್ಬ ಜೀಪಿನೊಳಗೆ ಇಣುಕಿ, ಹುಡುಗರಿಗೆ ಕಲ್ಲು ಸರಿಸಲು ಹೇಳಿದ. ಹೋಗುವಾಗ ಮುತ್ತಲದ ಎಲೆಯಲ್ಲಿ ಬಿಸಿ ಅನ್ನ ಹಿಡಿದು, "ತಿನಿ ಪೊಂಡಿ ಅಕ್ಕಾ", ಉಂಡು ಹೋಗಿ ಎಂದು ನನಗೇ ಚಾಚಿದ. ನಾನು ಕೈ ಮುಗಿದು ಬೇಡವೆಂದೆ.

ಸಂಗಾರೆಡ್ಡಿ ದಾಟುವಷ್ಟರಲ್ಲಿ ತಮ್ಮನ ಬೆವರು ಆರಿತ್ತು. ಎದೆ ಬಡಿತ ಇಳಿದಿತ್ತು. ಎದ್ದು ಕೂತು ನೀರು ಕೇಳಿದ. ಇದು ಉಂಡೆಯ ಕೆಲಸವೇ ಎಂದು ನನಗೆ ಆಗ ಖಾತ್ರಿಯಾಯಿತು. ಜೀಪು ತಿರುಗಿಸಿ ಎನ್ನಬಹುದಿತ್ತು. ನೀರಿನ ಬಾಟಲಿ ಅವನ ಕೈಗಿಟ್ಟೆ. ಆಸ್ಪತ್ರೆಯಲ್ಲಿ ಅವನಿಗೆ ಸೂಜಿ ಚುಚ್ಚಿದರು, ಬಣ್ಣದ ನೀರು ಕುಡಿಸಿ ಒಳಗಿನ ಚಿತ್ರ ತೆಗೆದರು. ಹೊಲಿಗೆ ಗಟ್ಟಿಯಾಗಿತ್ತು. ಹಾಗಾದರೆ ಏನೋ ಸಿಹಿ ತಿಂದಿದ್ದಾನೆಂದು ತಿಳಿದ ಡಾಕ್ಟರು ಅವನ ಹೆಂಡತಿಯನ್ನು ಕರೆದು ನಿಲ್ಲಿಸಿದರು. ಸಿಹಿ ತಿಂದರೆ ಅದು ನಿಲ್ಲದೆ ನೇರ ಕರುಳಿಗೆ ಇಳಿಯುತ್ತದೆ, ಹೀಗೇ ಆಗುತ್ತದೆ, ಮಲಗಿಸಿದ್ದರೆ ತಾನೇ ಇಳಿಯುತ್ತಿತ್ತು. ಓದಿದವಳು, ತಿನ್ನಿಸಿದ್ದಲ್ಲದೆ ಸುಳ್ಳು ಹೇಳಿದೆಯಲ್ಲ ಎಂದು ಎಲ್ಲರೆದುರು ಬೈದರು. "ನಾ ಏನೂ ಕೊಟ್ಟಿಲ್ಲ ಸಾರ್" ಎಂದು ಅವಳು ಹೇಳುತ್ತಲೇ ಇದ್ದಳು. ತಮ್ಮ ಗೋಡೆ ನೋಡುತ್ತಿದ್ದ. ನಾನು ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಮನೆಗೆ ಬಂದ ಮೇಲೆ ಅವಳು ಡಬ್ಬಿ ತೆಗೆದು ನೋಡಿರಬೇಕು. ಅಂದಿನಿಂದ ನಾನು ಹೋದರೆ ಅವಳು ಅಡುಗೆ ಮನೆಯನ್ನು ನನ್ನ ಕೈಗೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಅವನು ಚೆನ್ನಾಗಿ ಚೇತರಿಸಿಕೊಂಡ, ಅದನ್ನು ಹೇಳಲೇಬೇಕು. ಕೆಲವು ತಿಂಗಳು ಕೂದಲು ಉದುರಿ ದಿಂಬಿಗೆಲ್ಲ ಅಂಟುತ್ತಿತ್ತು, ಆಮೇಲೆ ಬಂತು. ಮೊದಲು ಬೇಳೆ, ಮೊಟ್ಟೆ, ಮೊಸರು. ಅದರ ಮೇಲೆ ಜಾಗ ಉಳಿದರೆ ರೊಟ್ಟಿಯ ಚೂರು. ದಿನಾ ಗುಳಿಗೆ, ಅದು ಬದುಕಿರುವ ತನಕ. ಆಗಾಗ ರಕ್ತ ಪರೀಕ್ಷೆ. ಬೆಳಿಗ್ಗೆ ಕಬ್ಬಿನ ಹೊಲಗಳ ತನಕ ನಡೆದು ಬರುತ್ತಿದ್ದ. ಸಕ್ಕರೆ ಕಾಯಿಲೆಯ ಔಷಧಿ ಇಳಿಯಿತು. ಯಂತ್ರದ ಮೇಲೆ ಬಾಗಿ ಸೂಜಿಗೆ ತಾನೇ ದಾರ ಪೋಣಿಸಿದನಂತೆ. ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿದನಂತೆ. ಎಲ್ಲವೂ "ಅಂತೆ"ಯೇ, ಯಾಕೆಂದರೆ ನಾನು ಹೋಗುವುದು ಕಡಿಮೆಯಾಗಿ ಫೋನಿನಲ್ಲೇ ತಿಳಿಯುತ್ತಿತ್ತು. ಅವರಿಬ್ಬರೂ ತಾಂಡೂರಿಗೆ ಬಂದರೂ ಬುತ್ತಿ ತಾವೇ ತರುತ್ತಿದ್ದರು.

ಆ ಸಿಟ್ಟನ್ನು ನಾನು ಎಲ್ಲಿ ಹಾಕಿದೆ? ತವರಿನ ಹೆಂಗಸರ ಮುಂದೆ ಹಾಕಿದೆ. "ಆಕಿ ಅವನಿಗಿ ಉಪವಾಸ ಕೆಡವ್ಯಾಳ" ಎಂದೆ. ತಪ್ಪು ನನ್ನದೆಂದು ಗೊತ್ತಿದ್ದೂ ಅಂದೆ. ಆ ಮಾತು ನಾರಾಯಣಖೇಡದಲ್ಲಿ ಬಾಯಿಂದ ಬಾಯಿಗೆ ಹೋಗಿ, ಹೆಂಡತಿ ಉಪವಾಸ ಹಾಕಿಯೇ ಅವನು ಮತ್ತೆ ದವಾಖಾನೆ ಸೇರಿದ್ದು ಎಂದಾಯಿತು.

ಚಿಕ್ಕಪ್ಪನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಎಲ್ಲರೂ ಅಲ್ಲಿ ಸೇರಿದ್ದೆವು. ತಮ್ಮನ ತಾಟಿನಲ್ಲಿ ಸ್ವಲ್ಪ ಪುಂಡಿಪಲ್ಯ, ಬೇಳೆ, ರೊಟ್ಟಿಯ ಚೂರು. ನಮ್ಮ ಚಿಕ್ಕಮ್ಮ ಹೋಳಿಗೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದು ಅವನ ಹೆಂಡತಿಯ ಎದುರು ನಿಂತಳು.

"ಏನವಾ, ಗಂಡಗ ಒಂದು ಹೋಳಿಗಿ ಹಾಕಲೋ, ಅದಕ್ಕೂ ನಿನ್ನ ಪರ್ಮಿಷನ್ ಬೇಕೋ? ಒಂದ್ಸಲ ಉಪವಾಸ ಕೆಡವಿ ದವಾಖಾನಿಗಿ ಹಾಕಿದ್ದು ಸಾಲಿಲ್ಲೇನು?"

ಪಂಕ್ತಿಯಲ್ಲಿ ಕೆಲವರು ನಕ್ಕರು. ಅವಳು ತಲೆ ತಗ್ಗಿಸಿ ತಾಟಿನಲ್ಲಿ ಬೆರಳಾಡಿಸಿದಳು. ತಮ್ಮ ತಾಟು ಸರಿಸಿ ಎದ್ದ. "ನಡಿ, ಮನಿಗಿ ಹೋಗಮು" ಎಂದು ಅವಳಿಗೆ ಹೇಳಿ ನನ್ನ ಕಡೆ ತಿರುಗಿದ. "ಅಕ್ಕಾ, ನಾ ಸುಮ್ಮಿದ್ದದ್ದು ನಿನ್ನ ಸಲುವಾಗಿ. ಅದಕ್ಕ ಎಲ್ಲರ ಬೈಗಳ ಆಕಿ ತಿಂದಾಳ. ಇನ್ನ ಈ ಕಡಿ ನಾವು ಬರಂಗಿಲ್ಲ."

ಅವರು ಬಾಗಿಲಿನ ತನಕ ಹೋಗಿದ್ದರು. ಚಪ್ಪಲಿ ಹುಡುಕುತ್ತಿದ್ದರು. ನಾನು ಎಂಜಲು ಕೈಯಲ್ಲೇ ಎದ್ದು ಹೋಗಿ ಅಡ್ಡ ನಿಂತೆ. ಮಾತು ಸಣ್ಣಗೆ ಬಂತು, ಸಾಲದೆಂದು ಮತ್ತೆ ದೊಡ್ಡದಾಗಿ ಹೇಳಿದೆ, ಪಂಕ್ತಿಯ ಕೊನೆಯ ತನಕ ಕೇಳುವಂತೆ.

"ಚಿಗವ್ವಾ, ಆಕಿಗಿ ಅನಬ್ಯಾಡ. ಅವತ್ತ ಬೆಲ್ಲದ ಉಂಡಿ ತಿನಿಸಿದಾಕಿ ನಾ. ಡಾಕ್ಟರ್ ಕೇಳಿದಾಗ ಸುಳ್ಳು ಹೇಳಿದಾಕಿ ನಾ. ಊರಾಗ ಆಕಿ ಹೆಸರು ಕೆಡಿಸಿದಾಕಿನೂ ನಾನೇ. ಅವನನ್ನ ಉಳಿಸಿದ್ದು ಆಕಿ. ತಂಗೀ, ಎಲ್ಲರ ಮುಂದ ನಿನಗ ಬೈಸಿ ನಾ ಸುಮ್ನ ನಿಂತೆ. ನನ್ನ ತಪ್ಪಾತು. ಖರೇನೇ ನನ್ನ ತಪ್ಪಾತವಾ."