ಅತ್ತೆಯ ಕಾಲ ಕೆಳಗಿನ ತಗಡು

ಧರ್ಮಪುರದ ಹತ್ತಿರದ ನಮ್ಮ ಹಳ್ಳಿಯಿಂದ ಹಿರಿಯೂರಿಗೆ ವಾರಕ್ಕೆರಡು ಸಲ ಅತ್ತೆಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲೆಂದೇ ಆ ಹಳೇ ಕಾರು ಕೊಂಡಿದ್ದೆವು. ಒಮ್ಮೆ ವಾಪಸ್ ಬರುವಾಗ ಬಸ್ಸಿನಲ್ಲೇ ಅವರು ಕಣ್ಣು ಕತ್ತಲೆ ಬಂದು ಬಿದ್ದಮೇಲೆ ಮನೆಯಲ್ಲಿ ಬಸ್ಸಿನ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ನನ್ನ ಗಂಡ ಕುರಿ, ಹೊಲ ಅಂತ ಇರುವವರು, ಸ್ಟೇರಿಂಗ್ ಮುಟ್ಟಿದವರಲ್ಲ. ಓಡಿಸುವವಳು ನಾನೊಬ್ಬಳೇ.

ಆವತ್ತು ಸೋಮವಾರ. ಅರ್ಧ ದಾರಿಯಲ್ಲಿ ನೀರು ನಿಂತಿದ್ದ ಒಂದು ಗುಂಡಿಗೆ ಚಕ್ರ ಇಳಿಯಿತು. ಪಕ್ಕದ ಸೀಟಿನಲ್ಲಿದ್ದ ಅತ್ತೆ "ಅಯ್ಯೋ" ಎಂದರು. ನೋಡಿದರೆ ಅವರ ಸೀರೆಯ ಅಂಚೆಲ್ಲ ಕೆಸರು. ಕಿಟಕಿಯ ಗಾಜು ಏರಿಸಿಯೇ ಇತ್ತು. ಕಾರು ನಿಲ್ಲಿಸಿ ಅವರ ಕಾಲ ಕೆಳಗಿನ ಮ್ಯಾಟ್ ಎತ್ತಿದೆ. ಕೆಳಗೊಂದು ಕಂಬಳಿ ತುಂಡು. ಅದನ್ನೂ ಎತ್ತಿದಾಗ ಅಂಗೈ ಅಗಲದ ತೂತಿನಲ್ಲಿ ಟಾರು ರಸ್ತೆ ಕಂಡಿತು.

"ಈ ಕಂಬಳಿ ಯಾರು ಹಾಕಿದ್ದು ಅತ್ತೆ?"

"ನಾನೇ ಕಣವ್ವ. ಎರಡು ತಿಂಗಳಾತು. ಕಾಲಿಗೆ ಗಾಳಿ ಹೊಡೀತಿತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕಾರು ರಿಪೇರಿಗೆ ಬಿಡ್ತೀಯ. ಆಮೇಲೆ ನಾನು ಯಾತರಾಗೆ ಹೋಗ್ಲಿ?"

ಹಿಂದಿನ ಸೀಟಿನಲ್ಲಿ ಕಾಲಿಡುವ ಜಾಗದ ತಗಡನ್ನು ಕಾಲಲ್ಲಿ ಒದ್ದು ನೋಡಿ, ಗಟ್ಟಿ ಇದೆ ಅನ್ನಿಸಿದ ಮೇಲೆ ಅವರನ್ನು ಅಲ್ಲಿ ಕೂರಿಸಿದೆ. ಸೈಕಲ್ಲಿನ ವೇಗದಲ್ಲಿ ಆಸ್ಪತ್ರೆ ತಲುಪಿ, ಅವರು ಮಷೀನಿನ ಮೇಲಿದ್ದಾಗ ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿಗೆ ಹೋದೆ. ತಗಡು ಕೆಲಸ ಮಾಡುವ ನಡುವಯಸ್ಸಿನವರೊಬ್ಬರು ತೂತಿನ ಸುತ್ತಲ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದರು. ಅದು ಸಲೀಸಾಗಿ ಒಳಗೆ ಇಳಿಯಿತು.

"ಬಿಸ್ಕತ್ತಿನಂಗೆ ಆಗೈತೆ ಅಕ್ಕಾ. ಒಳಗೆ ನೀರು ಹಾಕಿ ತೊಳೀತೀರೇನು?"

ತೊಳೆಯುತ್ತಿದ್ದೆ. ಡಯಾಲಿಸಿಸ್ ಮುಗಿಸಿ ಬರುವಾಗ ಎಷ್ಟೋ ಸಲ ಅತ್ತೆಗೆ ವಾಂತಿಯಾಗುತ್ತಿತ್ತು. ನಾಲ್ಕು ಕೊಡ ನೀರು ಸುರಿದು, ಉಜ್ಜಿ, ಒಣಗುವ ಮೊದಲೇ ಮ್ಯಾಟ್ ಹಾಸಿಬಿಡುತ್ತಿದ್ದೆ. ಮೂರು ತಿಂಗಳಿಂದ ವಾಂತಿ ನಿಂತಿದ್ದರಿಂದ ಮ್ಯಾಟ್ ಎತ್ತಿ ನೋಡಿರಲೇ ಇಲ್ಲ. ಕೆಳಗೆ ಉಳಿದ ಆ ನೀರೇ ತಗಡನ್ನು ತಿಂದಿತ್ತು. ಶುಚಿ ಮಾಡುತ್ತೇನೆಂದುಕೊಂಡು ಅವರ ಕಾಲ ಕೆಳಗೆ ತೂತು ಮಾಡಿದವಳು ನಾನೇ. ಅದನ್ನು ಯಾರಿಗೂ ಹೇಳಲಾಗಲಿಲ್ಲ.

"ಗುರುವಾರ ಬೆಳಿಗ್ಗೆ ಗಾಡಿ ಬೇಕೇ ಬೇಕು" ಎಂದೆ.

"ತಂದು ಬಿಡ್ರಿ, ನೋಡಾಣ."

ಅತ್ತೆಯನ್ನು ಹಿಂದೆ ಕೂರಿಸಿಕೊಂಡೇ ಮನೆ ಮುಟ್ಟಿಸಿ, ಮಂಗಳವಾರ ಕಾರನ್ನು ಬಿಟ್ಟು ಬಂದೆ. ಬುಧವಾರ ಬಸ್ಸಿನಲ್ಲಿ ಹೋದಾಗ ಸೀಟು ಬಿಚ್ಚಿ ಅಂಗಳದಲ್ಲಿಟ್ಟಿದ್ದರು. ಕೊಳೆತ ಭಾಗ ಕತ್ತರಿಸುತ್ತ ಹೋದಂತೆ ತೂತು ತಟ್ಟೆಯಷ್ಟಾಗಿ, ಆಮೇಲೆ ಮೊರದಷ್ಟಾಗಿತ್ತು. ಸೀಟಿನ ಬೋಲ್ಟು ಕೂತಿದ್ದ ಜಾಗವೂ ಪುಡಿಯಾಗಿತ್ತು. ಜೋರಾಗಿ ಒಂದು ಬ್ರೇಕ್ ಹಾಕಿದ್ದರೂ ಸೀಟು ಕಿತ್ತು ಬರುತ್ತಿತ್ತು ಎಂದರು. ಎರಡು ತಿಂಗಳಲ್ಲಿ ಎಷ್ಟು ಸಲ ಬ್ರೇಕ್ ತುಳಿದಿದ್ದೆನೋ, ಲೆಕ್ಕವಿರಲಿಲ್ಲ.

ವೆಲ್ಡಿಂಗ್ ಶುರುವಾದ ಮೇಲೆ ಇನ್ನೊಂದು ಹೆದರಿಕೆ. ಪೆಟ್ರೋಲ್ ಪೈಪು ಅದೇ ಕಡೆ ಹಾದುಹೋಗಿತ್ತು. ಅವರು ಅದನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ ಹಸಿ ಗೋಣಿಚೀಲ ಮುಚ್ಚಿದ್ದರೂ ಒಳಗಿನ ಹಾಸು ಹೊಗೆಯಾಡಿತು. ನಾನು ನೀರಿನ ಬಕೆಟ್ ಎತ್ತಿಕೊಂಡು ಓಡಿದೆ.

"ದೂರ ನಿಂತ್ಕಳ್ರಿ ಅಕ್ಕಾ, ಕರೆಂಟ್ ಐತೆ!" ಎಂದು ಕೂಗಿ, ಗೋಣಿಯಿಂದ ಒತ್ತಿ ಆರಿಸಿದರು. ಅರ್ಧ ತಗಡು ಕೂತಿತ್ತಷ್ಟೇ, ಅಷ್ಟರಲ್ಲಿ ಕರೆಂಟೇ ಹೋಯಿತು. ಅದೇ ಹೊತ್ತಿಗೆ ಗಂಡನ ಫೋನು.

"ಅವ್ವಂಗೆ ಉಸಿರು ಹಿಡೀತಾ ಐತೆ. ಕಾರು ಆತಾ?"

"ಆಗ್ತಾ ಐತೆ" ಎಂದು ಸುಳ್ಳು ಹೇಳಿದೆ.

ಎರಡು ಗಂಟೆ ಗ್ಯಾರೇಜಿನ ಕಲ್ಲಿನ ಮೇಲೆ ಕೂತು, ಎದುರಿನ ಅಂಗಡಿಯ ಬಲ್ಬನ್ನೇ ನೋಡುತ್ತಿದ್ದೆ. ಅದು ಹೊತ್ತಿಕೊಂಡಾಗ ಅವರು ಚಹಾ ಲೋಟ ಅರ್ಧಕ್ಕೇ ಇಟ್ಟು ಎದ್ದರು. ಬೆಸುಗೆ ಮುಗಿಸಿ, ತುಕ್ಕು ಹಿಡಿಯದಂತೆ ಕೆಂಪು ಪ್ರೈಮರ್ ಬಳಿದು, ಅದರ ಮೇಲೆ ಕಪ್ಪು ಬಣ್ಣ ಹೊಡೆದು, ಪೆಟ್ರೋಲ್ ಪೈಪು ಮತ್ತೆ ಜೋಡಿಸಿ, ಸೀಟು ಕೂರಿಸಿ ನನ್ನನ್ನು ಕಳಿಸಿದರು. ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಮೈಯಲ್ಲಿ ನೀರು ತುಂಬಿ ಮುಖ ಊದಿತ್ತು. ಆಗಲೇ ಹೊರಟುಬಿಡೋಣವೆಂದೆ. ಅವರೇ ತಡೆದರು. "ಬೆಳಿಗ್ಗೆಗಂಟ ತಡೀತೀನಿ ಬಿಡವ್ವ."

ಗುರುವಾರ ಬಣ್ಣದ ವಾಸನೆಗೆ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಹೊರಟೆ. ಅವರ ಒಂದೊಂದು ಉಸಿರೂ ಎಂಜಿನ್ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ನೋಡಿದ ತಕ್ಷಣ ಒಳಗೆ ಕರೆದೊಯ್ದು ಮಷೀನಿಗೆ ಹಾಕಿದರು. ಒಂದು ಗಂಟೆಯಾದ ಮೇಲೆ ನನ್ನನ್ನು ಒಳಗೆ ಬಿಟ್ಟರು. ಏದುಸಿರು ನಿಂತಿತ್ತು.

"ನೀನು ಏನಾರ ತಿಂದ್ಯಾ?" ಎಂದು ಅತ್ತೆ ಕೇಳಿದರು.

ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ ಎಂಬುದು ಆಗಲೇ ನೆನಪಾದದ್ದು. ಹೊರಗೆ ಹೋಗಿ ಎರಡು ಇಡ್ಲಿ ತಿಂದು ಬಂದೆ.