ಅರ್ಜಿಯಲ್ಲಿ ಬರೆದಿದ್ದ ಕೆಲಸ

ನನ್ನ ಗಂಡ ಕುಲುಮೆ ಎಂಜಿನಿಯರ್. ಯಾವ ಲೋಹ ಎಷ್ಟು ಶಾಖಕ್ಕೆ ಬಿರುಕು ಬಿಡುತ್ತದೆ ಎಂದು ನೋಡುವುದು ಅವರ ಕೆಲಸ. ದಿನಕ್ಕೆ ಎಂಟು ಗಂಟೆ ಬೆಂಕಿಯ ಬಾಯಿಯ ಮುಂದೆ ನಿಲ್ಲಬೇಕು. ಹುಬ್ಬು ಯಾವಾಗಲೂ ಅರ್ಧ ಸುಟ್ಟಿರುತ್ತಿತ್ತು. ಜೊತೆ ಕೆಲಸದವರು ‘ಅರೆಹುಬ್ಬು’ ಎಂದು ಕರೆಯುತ್ತಿದ್ದರು. ಇವರೂ ಓಗೊಡುತ್ತಿದ್ದರು.

ನಾನು ಓದಿದ್ದು ಏಳನೆಯ ತರಗತಿ. ಆದರೂ ಅವರ ಅರ್ಜಿ ನನಗೆ ಬಾಯಿಪಾಠ. ನಾವು ಹೊರದೇಶದವರು, ಇಲ್ಲಿ ಖಾಯಂ ಆಗಿ ಉಳಿಯಲು ಕಂಪನಿ ಅವರ ಹೆಸರಲ್ಲಿ ಅರ್ಜಿ ಹಾಕಿತ್ತು. ಅದರಲ್ಲಿ ಅವರ ಕೆಲಸವನ್ನು ಒಂದು ಪ್ಯಾರಾದಲ್ಲಿ ಬರೆದಿದ್ದರು. ಸರದಿ ಬರುವವರೆಗೂ ಅದೇ ಕೆಲಸ ಮಾಡಬೇಕು. ಬದಲಾದರೆ ಹೊಸ ಅರ್ಜಿ, ಸರದಿ ಮೊದಲಿನಿಂದ. ಹತ್ತು ವರ್ಷ ಕಾದೆವು.

ಮನೆಯಲ್ಲಿ ಅದನ್ನೇ ತಮಾಷೆ ಮಾಡುತ್ತಿದ್ದರು.

“ಬಟ್ಟೆ ಒಣಹಾಕೋದು ನನ್ನ ಪ್ಯಾರಾದಲ್ಲಿ ಇಲ್ಲ ಕಣೇ.”

“ಊಟ ಮಾಡೋದೂ ಇಲ್ಲ. ಹಾಗೇ ಮಲಗ್ತೀರಾ?”

ಬಕೆಟ್ ಎತ್ತಿಕೊಂಡು ಹೋಗುತ್ತಿದ್ದರು.

ಹೋದ ವರ್ಷ ಎರಡು ಸಲ ಎದೆ ಹಿಡಿದುಕೊಂಡು ಕೂತರು. ಡಾಕ್ಟರು, ಹೃದಯ ಸೋತಿದೆ, ಬೆಂಕಿಯ ಹತ್ತಿರ ಹೋಗಬೇಡಿ ಎಂದರು. ಕಾರ್ಖಾನೆಯ ಸಾಹೇಬರು ಒಳ್ಳೆಯವರು. ಮೇಲಿನ ಮಹಡಿಯಲ್ಲಿ ಕುರ್ಚಿ ಕೊಡುತ್ತೇನೆ, ಲೆಕ್ಕ ನೋಡಿಕೊಂಡಿರು ಎಂದರು. ಇವರು ಅರ್ಜಿ ನೋಡಿಕೊಳ್ಳುತ್ತಿದ್ದ ವಕೀಲರಿಗೆ ಫೋನ್ ಮಾಡಿದರು. ಕುರ್ಚಿಯ ಕೆಲಸ ಪ್ಯಾರಾದಲ್ಲಿ ಇಲ್ಲ ಎಂದರು ವಕೀಲರು.

ನಮಗೆ ಒಬ್ಬಳೇ ಮಗಳು. ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು, ಡಾಕ್ಟರು ಹೀಗೆ ಹೇಳುವ ಹೊತ್ತಿಗೆ ಇಪ್ಪತ್ತಾಗಿತ್ತು. ಇಪ್ಪತ್ತೊಂದು ತುಂಬಿದರೆ ಅಪ್ಪನ ಅರ್ಜಿಯಿಂದ ಅವಳ ಹೆಸರು ಬಿದ್ದುಹೋಗುತ್ತದೆ. ಅಷ್ಟರೊಳಗೆ ಸರದಿ ಬರಬಹುದು ಎಂದು ವಕೀಲರು ಹೇಳಿದ್ದರು.

ಇವರು ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತರು.

“ಏನ್ ಮಾಡ್ಲಿ, ಹೇಳು.”

“ಹತ್ತು ವರ್ಷ ತಡೆದೋರಿಗೆ ಇನ್ನೊಂದು ವರ್ಷ ಏನು ಮಹಾ? ಹುಷಾರಾಗಿ ನಿಂತ್ಕೊಳ್ಳಿ.”

“ಹುಷಾರಾಗಿ ನಿಂತ್ಕೊಳ್ಳೋದು ಹೇಗೇ? ಬೆಂಕಿಗೆ ಬೆನ್ನು ಹಾಕ್ಲಾ?”

ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ಸಾಹೇಬರಿಗೆ ಈಗ ಆರೋಗ್ಯವಾಗಿದ್ದೇನೆ ಎಂದು ಸುಳ್ಳು ಹೇಳಿ ಕೆಳಗೇ ಉಳಿದರು. ಅದಾದ ಏಳನೆಯ ತಿಂಗಳು, ಬೆಳಿಗ್ಗೆ ಹನ್ನೊಂದಕ್ಕೆ, ಕುಲುಮೆಯ ಮುಂದೆಯೇ ಬಿದ್ದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮೈ ಇನ್ನೂ ಬೆಚ್ಚಗಿತ್ತು. ಅದು ಜೀವದ ಬಿಸಿಯೋ ಕುಲುಮೆಯ ಬಿಸಿಯೋ ಗೊತ್ತಾಗಲಿಲ್ಲ.

ಕೆಲಸದವನೇ ಇಲ್ಲದ ಮೇಲೆ ಅರ್ಜಿಯೂ ಇಲ್ಲ ಎಂದರು ವಕೀಲರು. ಅರವತ್ತು ದಿನದಲ್ಲಿ ಹೊರಡಬೇಕು. ಮಗಳೂ.

ಸಮಾಧಾನ ಹೇಳಲು ಬಂದ ಸಾಹೇಬರು ಕುರ್ಚಿಯ ವಿಷಯ ಅವಳ ಮುಂದೆ ಆಡಿಬಿಟ್ಟರು. ಅವರು ಹೋದ ಮೇಲೆ ಅವಳು ಕೇಳಿದಳು.

“ಅಪ್ಪ ಯಾಕಮ್ಮ ಮೇಲಕ್ಕೆ ಹೋಗ್ಲಿಲ್ಲ?”

ನಿನಗಾಗಿ ಎನ್ನಬಹುದಿತ್ತು. ಅದೇ ನಿಜ. ಆದರೆ ಅವಳಿಗಿನ್ನೂ ಇಪ್ಪತ್ತು, ಆ ಭಾರ ಹೊತ್ತುಕೊಂಡು ಎಷ್ಟು ವರ್ಷ ಬದುಕಬೇಕು?

“ನಾನೇ ಬೇಡ ಅಂದೆ.”

“ಯಾಕೆ?”

“ಇಂಜಿನಿಯರ್ ಹೆಂಡ್ತಿ ಅನ್ನಿಸ್ಕೋಬೇಕಿತ್ತು. ಗುಮಾಸ್ತನ ಹೆಂಡ್ತಿ ಅಲ್ಲ.”

ಅವಳು ನನ್ನನ್ನು ನೋಡಿದ ನೋಟ ಶತ್ರುವಿಗೂ ಬೇಡ. ಅಂದಿನಿಂದ ಒಂದೇ ಮನೆಯಲ್ಲಿದ್ದೇವೆ, ಮಾತಿಲ್ಲ. ತನ್ನ ಪೆಟ್ಟಿಗೆ ತಾನೇ ಕಟ್ಟಿಕೊಳ್ಳುತ್ತಾಳೆ. ನಾನು ತಟ್ಟೆ ಇಟ್ಟರೆ ಉಣ್ಣುತ್ತಾಳೆ, ಅಷ್ಟು ಸಾಕು. ನಮ್ಮ ಅಕ್ಷರ ಓದಲು ಅವಳಿಗೆ ಬರುವುದಿಲ್ಲ. ಅದಕ್ಕೇ ಇದನ್ನೆಲ್ಲ ಧೈರ್ಯವಾಗಿ ಬರೆದೆ.